ಬಿಳಿಯ ಮೇಲೆ ಬಿಳಿ

ಯೌವನದ ತಪ್ಪುಗಳು ಮುಪ್ಪಿನಲ್ಲಿ ಮಂಡಿನೋವಾಗಿ ಬರುತ್ತವೆ ಎನ್ನುತ್ತಾರೆ. ನನ್ನವು ಮೊಬೈಲಿನಲ್ಲಿ ಬಂದವು. ಹತ್ತನೇ ತರಗತಿ ಮುಗಿಸಿ ಹೊಸೂರಿನಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ನಾನು, ಇಂಟರ್ನೆಟ್ ಬಂದ ಹೊಸತರಲ್ಲಿ ಒಂದೇ ಒಂದು ಪುಸ್ತಕ ಓದಿಕೊಂಡು ವೆಬ್‌ಸೈಟ್ ಕಟ್ಟುವವನಾಗಿಬಿಟ್ಟೆ. ನನ್ನ ಅಕ್ಷರಗಳು ಹಗ್ಗ ಬಿಚ್ಚಿಕೊಂಡ ಮೇಕೆಗಳಂತೆ ಪರದೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು. 'ಹೊಸತು' ಎಂಬ ಪದ ಹತ್ತು ವರ್ಷ ಹಳೆಯದಾದರೂ ಮಿಣುಕುತ್ತಲೇ ಇತ್ತು. ಎಷ್ಟು ಜನ ನೋಡಿದರೆಂಬ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿದರೆ ಗಿರಾಕಿ ನೊಂದಾನೆಂದು ಐದು ಸಾವಿರದಿಂದ ಶುರುಮಾಡುತ್ತಿದ್ದೆ.

ಇವೆಲ್ಲ ಕಣ್ಣಿಗೆ ಕಾಣುವ ಪಾಪಗಳು. ಕಾಣದ್ದೊಂದಿತ್ತು. ಬಿಳಿ ಪುಟದ ಕೆಳಗೆ ಬಿಳಿ ಅಕ್ಷರದಲ್ಲಿ, ಜನ ಹೆಚ್ಚಾಗಿ ಹುಡುಕುವ ಪದಗಳನ್ನು ತುರುಕುವುದು. ಓದುವವರಿಗೆ ಕಾಣಿಸದು, ಹುಡುಕುವ ಯಂತ್ರ ಮಾತ್ರ ಮೋಸಹೋಗಿ ಜನರನ್ನು ಕರೆತರುತ್ತದೆ. ಪಕ್ಕದ ತಳಿ ಎಂಬ ಊರಿನಲ್ಲಿ ಗುಲಾಬಿ ಬೆಳೆಯುವ ನನ್ನ ಹೈಸ್ಕೂಲು ಜೊತೆಗಾರ ಮುನಿಯಪ್ಪನ ಪುಟದಲ್ಲೂ ಹಾಗೇ ಮಾಡಿದ್ದೆ. ಅಂಥದ್ದೊಂದು ಪುಟವಿದೆ ಎಂಬುದನ್ನೇ ಅವನು ಮರೆತಿದ್ದ.

ಹೋದ ತಿಂಗಳು ಬಂದವನೇ ಬಾಗಿಲಲ್ಲೇ ಕೂಗಿದ: "ಏನ್ಲಾ ಬರ್ದಿದ್ದೀಯ ನನ್ ಹೂವಿನ್ ಕೆಳಗೆ? ಮಗಳ ಸಂಬಂಧ ಮುರ್ದ್‌ಬೀಳೋ ಹಂಗಾಯ್ತಲ್ಲ ಕಣ್ಲಾ!"

ಗಂಡಿನ ತಂದೆ ಅವಲಪಲ್ಲಿಯ ನಿವೃತ್ತ ಹೆಡ್‌ಮಾಸ್ಟರು. ಕಣ್ಣಿಗೆ ತಂಪೆಂದು ಮೊಬೈಲಿನ ಪರದೆಯನ್ನು ಕಪ್ಪು ಮಾಡಿಕೊಂಡಿದ್ದರು. ಪುಟ ಕಪ್ಪಾದದ್ದೇ ತಡ, ಇಪ್ಪತ್ತು ವರ್ಷ ಅಡಗಿದ್ದ ನನ್ನ ಬಿಳಿ ಅಕ್ಷರಗಳು ಗುಲಾಬಿಯ ಕೆಳಗೆ ಹಲ್ಲು ಕಿರಿದಿದ್ದವು: 'ಲಾಟರಿ ರಿಸಲ್ಟ್, ನಟಿಯರ ಫೋಟೋ, ಬೋಳುತಲೆಗೆ ಎಣ್ಣೆ.' ಇಂಥ ವ್ಯವಹಾರದವರ ಮನೆಯ ಹೆಣ್ಣು ಬೇಡ ಎಂದುಬಿಟ್ಟರಂತೆ.

ಮುನಿಯಪ್ಪ ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಅವರ ಮನೆಗೇ ಒಯ್ದ. ಕೈಮುಗಿದು ನಿಂತೆ. "ಇವನ್ದೇನೂ ತಪ್ಪಿಲ್ಲ ಸಾರ್, ಎಲ್ಲಾ ನಂದೇ. ಆ ಪದಗಳ್ನ ಹುಡ್ಕೋರು ಈ ಪುಟಕ್ ಬಂದ್ ಬೀಳ್ಲಿ ಅಂತ ಹಾಕಿದ್ದೆ."

ಕಾಫಿ ತರುತ್ತಿದ್ದ ಅವರ ಹೆಂಡತಿ ಅಲ್ಲೇ ನಿಂತರು. "ಹಂಗಾದ್ರೆ, ನೀವು ಏನ್ ಹುಡ್ಕಕ್ಕೋಗಿ ಇದ್ರೊಳಗೆ ಬಿದ್ರಿ?"

ಹೆಡ್‌ಮಾಸ್ಟರು ನುಣ್ಣನೆಯ ತಲೆಯನ್ನು ಅಂಗೈಯಿಂದ ಸವರಿಕೊಂಡರು. "ಎಣ್ಣೆ ಕಣೇ, ಬರೀ ತಲೆಗೆ ಹಚ್ಚೋ ಎಣ್ಣೆ" ಎಂದವರೇ ಮುನಿಯಪ್ಪನತ್ತ ತಿರುಗಿ, "ಲಗ್ನಕ್ಕೆ ದಿನ ನೋಡ್ಸಣ ಬಿಡಿ" ಎಂದರು.

ತಪ್ಪೊಪ್ಪಿಕೊಂಡ ಹಗುರದಲ್ಲಿ ಮನೆಗೆ ಬಂದು, ನನ್ನ ಅಂಗಡಿಯ ಹಳೆಯ ಪುಟವನ್ನೂ ಅಳಿಸೋಣವೆಂದು ಪರದೆ ಕಪ್ಪು ಮಾಡಿ ತೆರೆದೆ. ಕೆಳಗೆ ಬೆಳ್ಳಗೆ ಮೂಡಿತು: 'ಪ್ರಾಮಾಣಿಕ, ನಂಬಿಕಸ್ಥ.' ಇಪ್ಪತ್ತು ವರ್ಷವೂ ಇವೆರಡು ನನ್ನಲ್ಲಿ ಇದ್ದವು, ಯಾರ ಕಣ್ಣಿಗೂ ಕಾಣದ ಹಾಗೆ.