ರೇವಪ್ಪನ ಈಜು ಬಾರದ ಶಿಷ್ಯ

ತಾನು ನೀರಿಗಿಳಿಸಿದ ಮೇಲೆ ಈಜು ಕಲಿಯದವರು ಹುಟ್ಟೇ ಇಲ್ಲ ಎಂಬುದು ಗೊಳಸಂಗಿಯ ರೇವಪ್ಪನ ಬಿರುದು. ಅರ್ಧ ಊರು ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಅವನ ತೋಟದ ಬಾವಿಯಲ್ಲಿ ಕೈಕಾಲು ಬಡಿದದ್ದು ಸುಳ್ಳಲ್ಲ. ಆ ಬಿರುದಿಗೆ ಕಳಶವೆಂದರೆ ಹೆಂಡತಿ ಸಿದ್ದವ್ವ. ಮದುವೆಯಾದ ವರ್ಷದ ಬೇಸಿಗೆಯಲ್ಲಿ, ಬೆಂಡೂ ಇಲ್ಲದೆ, ಒಂದೇ ಉಸಿರಿಗೆ, ನೀರೊಳಗಿಂದಲೇ ಬಾವಿ ದಾಟಿ ಆಚೆಯ ಮೆಟ್ಟಿಲಲ್ಲಿ ಎದ್ದವಳು. ಈ ಕಥೆ ಕೇಳದ ಬೀಗರಿಲ್ಲ.

ಅಂಥವನ ಮನೆಯಲ್ಲಿ ಈಜಲೊಲ್ಲದ ಮೀನು. ಮೊಮ್ಮಗಳು ಐಶ್ವರ್ಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ಹಾಕಿ ಸಾಕಿದ ಕಡಲ ಮೀನು ಅದು. ಗಿಡ್ಡ, ದಪ್ಪ, ಊಟಕ್ಕೆ ಕರೆಯಲಿಲ್ಲವೆಂದು ಮುನಿದ ನೆಂಟನ ಮುಖ.

"ಮುತ್ಯಾ, ಇದಕ್ಕೇನರ ಆದ್ರ ನಿನ್ನ ಜೋಡಿ ಮಾತಾಡಂಗಿಲ್ಲ ನೋಡು" ಎಂದು ಹೇಳಿ ಅವಳು ಗೆಳತಿಯ ಮದುವೆಗೆಂದು ಇಂಡಿ ಊರಿಗೆ ಹೋದಳು.

ಮೀನು ತಳದ ಮರಳಿನ ಮೇಲೆ ಕೂತಿತು. ಮರುದಿನವೂ ಅಲ್ಲೇ ಕೂತಿತ್ತು.

"ಇದು ನೀರಿಗೆ ಅಂಜೈತಿ" ಎಂದ ರೇವಪ್ಪ.

"ಕುಂತ್ರ ಕುಂದ್ರಲಿ ಬಿಡ್ರಿ. ನೀವು ದಿನಾ ಕಟ್ಟಿ ಮ್ಯಾಲ ಕುಂದ್ರೂದಿಲ್ಲೇನು?" ಎಂದಳು ಸಿದ್ದವ್ವ.

"ನಿನಗ ತಿಳಿಯಂಗಿಲ್ಲ. ಗುರು ಇಲ್ಲದ ವಿದ್ಯಾ ಬರಂಗಿಲ್ಲ."

ಸಿದ್ದವ್ವ ಹಿತ್ತಲಿಗೆ ಹೋದದ್ದೇ ತಡ, ಪಾಠ ಶುರುವಾಯಿತು. ಚಹಾ ಜರಡಿಯಲ್ಲಿ ಶಿಷ್ಯನನ್ನು ಎತ್ತಿ ಮೇಲಿಂದ ಬಿಟ್ಟ. ಕಲ್ಲಿನಂತೆ ಮುಳುಗಿತು. ಮತ್ತೆ ಬಿಟ್ಟ, ಮತ್ತೆ ಮುಳುಗಿತು. ಕೊನೆಗೆ ಕುಲವಿದ್ಯೆಯೇ ಗತಿ ಎಂದು ಥರ್ಮಾಕೋಲಿನ ಚೂರೊಂದನ್ನು ನೂಲಿನಿಂದ ಅದರ ಬೆನ್ನಿಗೆ ಕಟ್ಟಿದ. ನೂಲು ಜಾರಿತು, ಬೆಂಡು ಹೊಟ್ಟೆಯಡಿಗೆ ಹೋಯಿತು, ಮೀನು ಹೊಟ್ಟೆ ಮೇಲಾಗಿ ತೇಲಿತು.

ಅಷ್ಟರಲ್ಲಿ ಸಿದ್ದವ್ವ ಫೋನು ಹಿಡಿದು ಒಳಗೆ ಬಂದಳು. ಪರದೆಯಲ್ಲಿ ಐಶ್ವರ್ಯ. "ಆಯಿ, ನನ್ನ ಮೀನ ತೋರಿಸು."

ಸಿದ್ದವ್ವ ತೊಟ್ಟಿ ನೋಡಿದಳು, ಗಂಡನನ್ನು ನೋಡಿದಳು, ಫೋನನ್ನು ದೇವರ ಜಗಲಿಯತ್ತ ತಿರುಗಿಸಿದಳು. "ಮೊದಲ ಮದುಮಗಳನ್ನ ತೋರಿಸವ್ವ. ಸೀರಿ ಯಾವ ಬಣ್ಣದ್ದು?"

ರೇವಪ್ಪ ಗಡಬಡಿಸಿ ನೂಲು ಕತ್ತರಿಸಿದ. ಮೀನು ಮಗುಚಿತು, ತಳಕ್ಕಿಳಿಯಿತು. ರೆಕ್ಕೆಗಳನ್ನು ಪಾದಗಳಂತೆ ಊರಿ, ಮರಳಿನ ಮೇಲೆ ನಿಧಾನ ನಡೆದು ತನ್ನ ಜಾಗದಲ್ಲಿ ಕೂತಿತು. ಅವನಿಗೆ ಹೋದ ಉಸಿರು ಬಂತು.

ಸಿದ್ದವ್ವ ಫೋನನ್ನು ತೊಟ್ಟಿಯತ್ತ ಹಿಡಿದಳು.

"ಸುಮ್ನ ಕುಂತೈತಲ್ಲ, ಆರಾಮೈತಿ ಹಂಗಾರ" ಎಂದಳು ಐಶ್ವರ್ಯ. "ಅದಕ್ಕ ಈಜು ಸರಿಯಾಗಿ ಬರಂಗಿಲ್ಲ ಮುತ್ಯಾ. ಕಡಲ ತಳದಾಗ ನಡಕೋಂತ ಬದುಕೂ ಮೀನ ಅದು."

ಫೋನು ಇಟ್ಟ ಮೇಲೆ ರೇವಪ್ಪ ಗೊಣಗಿದ: "ನೀರಿನ ತಳದಾಗ ಯಾರರ ನಡೀತಾರೇನು?"

ಸಿದ್ದವ್ವ ತನ್ನ ಜರಡಿ ಎತ್ತಿಕೊಂಡಳು. "ನಾ ನಡದೇನಲ್ರಿ. ಆವತ್ತ ನಿಮ್ಮ ಬಾವ್ಯಾಗ, ಮೂಗು ಹಿಡಕೊಂಡು, ಮೆಟ್ಟಲಾ ಸಿಗೂಮಟಾ."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀವು ದಂಡಿ ಮ್ಯಾಲ ನಿಂತು ಅಷ್ಟ ಖುಷಿಲೆ ಚಪ್ಪಾಳಿ ಹೊಡ್ಯಾಕತ್ತಿದ್ರಿ. ಹೆಂಗ ಹೇಳ್ಲಿ?"