ಯಾರ ಕುರಿ ಅಂತ ಪುಸ್ತಕದಲ್ಲಿಲ್ಲ

ಮೂವತ್ತು ವರ್ಷ ಯಗಟಿಯ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸಿದ್ದ ಕೆಂಪರಾಜುವಿಗೆ ಲೈಸೆನ್ಸ್ ಇರಲಿಲ್ಲ. (ಕೇಳಿದವರೂ ಇರಲಿಲ್ಲ.) ಕಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಡತಿ ಶಂಕರಮ್ಮ ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ಸ್ಕೂಟರ್ ಕೊಂಡಾಗಲೇ ಪೀಕಲಾಟ ಶುರುವಾದದ್ದು.

"ನಿಂಗ್ಯಾಕೇ ಈ ಕಷ್ಟ? ದಿನಾ ನಾನೇ ಬಿಟ್ಟು ಬತ್ತೀನಿ" ಎಂದು ಕೆಂಪರಾಜು ಉದಾರವಾಗಿ ಘೋಷಿಸಿದ.

"ಇಬ್ರೂ ಪರೀಕ್ಷೆ ಬರೆಯೋಣ. ಪಾಸಾದೋರು ಓಡಿಸ್ಲಿ" ಎಂದಳು ಶಂಕರಮ್ಮ. ಅಲ್ಲಿಗೆ ಇದು ಮಾನದ ಪ್ರಶ್ನೆಯಾಯಿತು.

ಎಲ್‌ಎಲ್‌ಆರ್ ಪುಸ್ತಕ ಹಿಡಿದು ಅವಳು ಪ್ರಶ್ನೆ ಕೇಳುವಳು, ಅವನು ಅನುಭವಾಮೃತ ಹರಿಸುವನು.

"ಹಾರ್ನಿನ ಚಿತ್ರಕ್ಕೆ ಅಡ್ಡಗೆರೆ ಎಳೆದವ್ರೆ. ಏನರ್ಥ?"

"ಹಾರ್ನ್ ಕೆಟ್ಟಿದ್ರೆ ಇಲ್ಲಿ ರಿಪೇರಿ ಮಾಡ್ತಾರೆ ಅಂತ."

"ತ್ರಿಕೋನದೊಳಗೆ ದನ?"

"ದನದ ಆಸ್ಪತ್ರೆ ಕಣೇ! ಇದನ್ನೂ ಕೇಳ್ತಾರಾ?"

"ಎದುರಿಗೆ ಕುರಿಮಂದೆ ಬಂದ್ರೆ ಏನ್ಮಾಡ್ಬೇಕು?"

ಕೆಂಪರಾಜು ಗಂಭೀರನಾದ. "ಯಾರ ಕುರಿ?"

"ಯಾರದಾದ್ರೇನ್ರೀ!"

"ಹಂಗಂದ್ರೆ ಹೆಂಗೆ? ಮುದ್ದಪ್ಪನ ಕುರಿ ಹಾರ್ನ್ ಹೊಡೆದ್ರೆ ಸರೀತಾವೆ. ಹೊನ್ನಯ್ಯನವು ಅಲ್ಲೇ ಮಲಗ್ತಾವೆ."

ಶಂಕರಮ್ಮ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಳು. ಪುಸ್ತಕ ಬರೆದವನು ಯಗಟಿ ಕಡೆ ಬಂದೇ ಇಲ್ಲ ಎಂಬುದು ಕೆಂಪರಾಜುವಿಗೆ ಖಚಿತವಾಯಿತು. ಆದರೂ ರಾತ್ರಿ ಕಣ್ಣು ಮುಚ್ಚಿದರೆ ವೃತ್ತ, ತ್ರಿಕೋನ, ಬಾಣಗಳೆಲ್ಲ ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿದ್ದವು.

ಪರೀಕ್ಷೆಯ ದಿನ ತರೀಕೆರೆಯ ಆರ್‌ಟಿಒ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರು. ನಾಲ್ಕು ರಸ್ತೆ ಕೂಡುವ ಚಿತ್ರ ಬಂತು. ಮೊದಲು ಯಾರು ಹೋಗಬೇಕು? ಕೆಂಪರಾಜು ಬೆವೆತ. ಲಾರಿಯಲ್ಲಿ ಏನಿದೆ? ಬೈಕಿನವನು ಯಾರ ಪೈಕಿ? ಕೊನೆಗೆ ತಡೆಯಲಾರದೆ ಅಧಿಕಾರಿಯನ್ನೇ ಕೇಳಿದ: "ಸಾರ್, ಇದು ಯಾವೂರ ರಸ್ತೆ?"

"ಮಾತಾಡ್ಬಾರ್ದು" ಎಂದರು ಅವರು. ಅಷ್ಟರಲ್ಲಿ ಸಮಯ ಮುಗಿದು ಪ್ರಶ್ನೆಯೇ ಮಾಯವಾಗಿ ಇನ್ನೊಂದು ಬಂದು ನಿಂತಿತ್ತು.

ಹದಿನೈದಕ್ಕೆ ಕೆಂಪರಾಜುವಿನದು ನಾಲ್ಕು ಸರಿ. ಶಂಕರಮ್ಮನದು ಹದಿಮೂರು.

"ಹೆಂಗೆ ಮಾಡ್ದೇ?" ಎಂದ, ನಂಬಲಾರದೆ.

"ನೀವೇ ಕಣ್ರೀ ಗುರುಗಳು. ಗೊತ್ತಿಲ್ದಿದ್ದಕ್ಕೆಲ್ಲ ನೀವೇನ್ ಹೇಳ್ತಿದ್ರಿ ಅಂತ ಯೋಚ್ನೆ ಮಾಡ್ದೆ. ಅದನ್ನ ಬಿಟ್ಟು ಬೇರೇದು ಒತ್ತಿದೆ."

ಮರುದಿನ ಬೆಳಿಗ್ಗೆ ಸ್ಕೂಟರಿಗೆ ಕೆಂಪು ಎಲ್ ಅಕ್ಷರ ಅಂಟಿತು. ಸೋತರೂ ಜವಾಬ್ದಾರಿ ಬಿಡಬಾರದೆಂದು ಕೆಂಪರಾಜು ಹಿಂದಿನ ಸೀಟು ಹತ್ತಿ ಕೂತ. "ಹೆದರ್ಬೇಡ, ನಾನಿದೀನಿ."

"ಇಳೀರಿ."

"ಯಾಕೇ?"

"ಎಲ್ ಬೋರ್ಡಿನೋರ ಹಿಂದೆ ಲೈಸೆನ್ಸ್ ಇರೋರೇ ಕೂರ್ಬೇಕಂತೆ. ಅಮೂಲ್ಯಾ, ಬಾಮ್ಮಾ!"

ಕಡೂರಿನ ಬ್ಯಾಂಕಿಗೆ ಹೊರಟಿದ್ದ ಪಕ್ಕದ ಮನೆಯ ಅಮೂಲ್ಯಾ ನಗು ತಡೆದುಕೊಂಡು ಹತ್ತಿದಳು. ಕೆಂಪರಾಜು ಗೇಟು ತೆಗೆದು, ರಸ್ತೆಯ ಎರಡೂ ಕಡೆ ನೋಡಿದ. ಬಸ್ ಕಂಡಕ್ಟರನಂತೆ ಗೇಟಿನ ಮೇಲೆ ಎರಡು ಸಲ ಬಡಿದ. ಬಾಯಿಂದ ತಾನಾಗಿಯೇ ಬಂತು:

"ರೈಟ್... ರೈಟ್!"