ಬಷೀರ್ ಸಾಹೇಬರ ಭಾಷಣಕ್ಕೆ ನನ್ನ ನಿರೂಪಣೆ

ಕಾರ್ಯಕ್ರಮ ನಿರೂಪಣೆಯಲ್ಲಿ ಇಡೀ ಮಿಷಿಗನ್ನಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕನ್ನಡ ಸಂಘದ ಮೈಕು ನನ್ನ ಕೈಗೆ ಬಂದರೆ ಬಿಸಿಬೇಳೆಬಾತ್ ಆರಿಹೋಗುವುದು ಖಚಿತ ಎಂದು ಹೆಂಡತಿ ಸುಮಾ ಹೇಳುತ್ತಿದ್ದಳು. ಅದನ್ನೂ ಹೊಗಳಿಕೆಯೆಂದೇ ತಿಳಿದಿದ್ದೆ!

ಅವಳಿ ಗೋಪುರಗಳು ಉರುಳಿದ ಮರುವರ್ಷ ನಮ್ಮೂರು ಕ್ಯಾಂಟನ್ನಿನ ಸರ್ಕಾರಿ ಲೈಬ್ರರಿಯಲ್ಲಿ ಅಮೆರಿಕದ ಧರ್ಮ, ರಾಜಕೀಯ ಕುರಿತು ವಾರಕ್ಕೊಂದು ಉಪನ್ಯಾಸ, ಚರ್ಚೆ ಏರ್ಪಾಡಾಯಿತು. ಒಂದು ವಾರಕ್ಕೆ ಬಿಜಾಪುರದ ಬಷೀರ್ ಸಾಹೇಬರನ್ನು ನಾನೇ ಒಪ್ಪಿಸಿದೆ. ಅವರು ವಾರೆನ್ ಪಟ್ಟಣದಲ್ಲಿ ಕಾರಿನ ಬ್ರೇಕು ಡಿಸೈನ್ ಮಾಡುವ ಎಂಜಿನಿಯರು, ಮಾತು ಕಡಿಮೆ.

"ಭಾಷಣ ನನಗ ಬರೂದಿಲ್ರಿ," ಎಂದರು. "ಆದ್ರ ಎದುರಮನಿ ಡೊರತಿ ಪ್ರತಿವಾರ ಅಲ್ಲಿಗೆ ಬರ್ತಾಳ. ಮೊದಲೆಲ್ಲಾ ನನ್ನ ನೋಡಿ ಕೈ ಬೀಸತಿದ್ಳು. ಈಗ ನಾ ಹೊರಗ ಬಂದ್ರ ಪರದೆ ಎಳಕೋತಾಳ. ಆಕಿ ಮುಂದ ಎರಡು ಮಾತು ಹೇಳೂದೈತಿ."

"ನೀವು ಬನ್ನಿ ಸಾಹೇಬ್ರೆ, ಮಿಕ್ಕಿದ್ದು ನನಗೆ ಬಿಡಿ," ಎಂದೆ. ಬಿಟ್ಟರು. ಕೆಟ್ಟರು!

"ರೀ, ಅಲ್ಲಿ ನಮ್ಮ ಸಂಘದ ತರ ಶುರು ಹಚ್ಕೊಂಡ್ಬಿಡ್ಬೇಡಿ," ಎಂದು ಸುಮಾ ಎಚ್ಚರಿಸಿದಳು. ವೇದಿಕೆಗೆ ಬಂದ ಅತಿಥಿಗೆ ಶಾಲು ಹೊದಿಸದೆ ಮಾತಾಡಿಸುವುದೇ? ಮೈಸೂರಿನವನ ಮರ್ಯಾದೆ ಏನಾಗಬೇಕು?

ಮೊದಲು ಪ್ರಾರ್ಥನೆ. ಸರ್ಕಾರಿ ಜಾಗದಲ್ಲಿ ಪ್ರಾರ್ಥನೆ ಸಲ್ಲದು ಎಂಬುದೇ ಹಿಂದಿನ ವಾರದ ಉಪನ್ಯಾಸವಾಗಿತ್ತು! ನಂತರ ಸ್ವಾಗತ. ಲೈಬ್ರರಿಯವರಿಗೆ, ಕಾಫಿ ಕಾಯಿಸಿದವರಿಗೆ, ಮುಂದಿನ ಸಾಲಿಗೆ ಒಂದೊಂದು ಹೂವು. ಆಮೇಲೆ ಅತಿಥಿಗಳ ಪರಿಚಯ. ಆದಿಲಶಾಹಿಗಳಿಂದ ಹೊರಟು, ಗೋಳಗುಮ್ಮಟದಲ್ಲಿ ಸ್ವಲ್ಪ ತಂಗಿ, ಸಾಹೇಬರ ಜನನಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಕೋಟು ತೊಟ್ಟಿದ್ದರು. ಹಾರ. ಶಾಲು. ಫಲತಾಂಬೂಲ. ಫೋಟೋ. ಡೊರತಿ ಮಾತ್ರ ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕದಲದೆ ಕೂತಿದ್ದರು.

ಕೊನೆಗೆ ಸಾಹೇಬರು ಮೈಕಿನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು. ದೀಪಗಳು ಒಮ್ಮೆ ಆರಿ ಹತ್ತಿದವು. ಲೈಬ್ರರಿ ಬಾಗಿಲು ಹಾಕುವ ಸೂಚನೆ! "ಥ್ಯಾಂಕ್ ಯೂ ಆಲ್," ಎಂದಷ್ಟೇ ಹೇಳಿ ಕೆಳಗಿಳಿದರು.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ವಂದನಾರ್ಪಣೆ ಬಾಕಿಯಿತ್ತಲ್ಲ! ಮೊದಲೇ ಬರೆದು ತಂದದ್ದನ್ನು ಹಾಗೆಯೇ ಓದಿದೆ: ಇಷ್ಟು ಸುದೀರ್ಘವಾಗಿ, ವಿದ್ವತ್ಪೂರ್ಣವಾಗಿ ಮಾತಾಡಿದ ಬಷೀರ್ ಅವರಿಗೆ ನಾವು ಚಿರಋಣಿಗಳು.

ಬಾಗಿಲ ಬಳಿ ಡೊರತಿ ನನ್ನನ್ನು ನಿಲ್ಲಿಸಿ, "ಅವರನ್ನು ಒಂದು ಮಾತು ಕೇಳಬೇಕಿತ್ತು. ಹೊತ್ತೇ ಆಗಿಹೋಯಿತು," ಎಂದರು.

"ಮುಂದಿನ ವಾರ ಕೇಳಿ," ಎಂದು ಕುರ್ಚಿ ಮಡಚಲು ಓಡಿದೆ.

ಸಾಹೇಬರು ಶಾಲು ಹೊದ್ದುಕೊಂಡೇ ಪಾರ್ಕಿಂಗ್ ಲಾಟಿನಲ್ಲಿ ಕಾದಿದ್ದರು. ಡೊರತಿ ಹೇಳಿದ್ದನ್ನು ತಿಳಿಸಿದೆ.

"ಏನ್ ಕೇಳಬೇಕಂತಿದ್ಲಂತ್ರಿ?"

"ನಾನು ವಿಚಾರಿಸಲಿಲ್ಲ ಸಾಹೇಬ್ರೆ. ನೀವೇ ನಾಳೆ ಅವರ ಮನೆಗೆ ಹೋಗಿ ಮಾತಾಡಿ."

"ನಾ ಹೋಗಿ ಬಾಗಿಲು ಬಡದು, ಆಕಿ ಹೆದರಿದ್ರ ಏನ್ ಮಾಡ್ಲಿರಿ?"

ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ವಾರ ಡೊರತಿ ಬರಲಿಲ್ಲ. ಆ ಚಳಿಗಾಲದಲ್ಲೇ ಮನೆ ಮಾರಿ ಫ್ಲೋರಿಡಾದ ಮಗಳ ಮನೆ ಸೇರಿದರು. ಬೇಸಿಗೆಯಲ್ಲಿ ಸಾಹೇಬರಿಗೂ ಶಿಕಾಗೋ ಕಡೆ ಕೆಲಸ ಸಿಕ್ಕಿತು. ಸಂಘದಲ್ಲಿ ಬೀಳ್ಕೊಡುಗೆ. ಮೈಕು ಮತ್ತೆ ನನ್ನ ಕೈಗೆ! "ಸಾಹೇಬರು ಮಾತಾಡುತ್ತಾರೆ," ಎಂದು ಕೂತುಬಿಟ್ಟೆ.

ಅವರು ಸಭೆಯನ್ನು ಒಮ್ಮೆ ನೋಡಿದರು. "ನಿಮಗೇನ್ ಹೇಳೂದೈತ್ರಿ? ನೀವೆಲ್ಲಾ ನನ್ನ ಬಲ್ಲವರು," ಎಂದು ಮೈಕು ಹಿಂದಿರುಗಿಸಿದರು.

ಅಂದು ಬಿಸಿಬೇಳೆಬಾತ್ ಬಿಸಿಬಿಸಿಯಾಗಿತ್ತು. ನನ್ನ ನಿರೂಪಣೆ ಬಹಳ ಸುಧಾರಿಸಿದೆ ಎಂದು ಎಲ್ಲರೂ ಹೊಗಳಿದರು.